ಲಿಥಿಯಂ ಸೆಲ್ಲು ಮತ್ತು ಬಚ್ಚಲ ಒಲೆ



ಮಲೆನಾಡಿನ ಮಾತಿನಲ್ಲಿ ಟಾರ್ಚಿಗೇ ‘ಬ್ಯಾಟರಿ’ ಎಂಬ ಹೆಸರು. ಅದರ ಹೊಟ್ಟೆಯೊಳಗಿರುವುದು ‘ಸೆಲ್ಲು’. ಮಳೆ ಹಿಡಿದು ಮರಗಳು ತಂತಿಯ ಮೇಲೆ ಉರುಳಿದಾಗ ಮೂರು ನಾಲ್ಕು ದಿನ ಕರೆಂಟಿನ ಮುಖ ಕಾಣದ ಊರುಗಳಲ್ಲಿ, ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗುವವರಿಗೆ ಈ ಸೆಲ್ಲೇ ಆಧಾರ. ತೆನೆಗಟ್ಟಿದ ಗದ್ದೆಯಲ್ಲಿ ಹಂದಿ ಕಾಯುವವರಿಗೂ, ನಡುರಾತ್ರಿ ಹಾವು ಕಚ್ಚಿದವರನ್ನು ಕಾಲುಸಂಕ ದಾಟಿಸಿ ರಸ್ತೆಗೆ ತರುವವರಿಗೂ ಅದೇ ಆಧಾರ. ಮನೆಯೊಳಗೂ ಅದರ ಸಂಸಾರ ಬೆಳೆದಿದೆ. ಗೋಡೆಯ ಗಡಿಯಾರ, ಟಿ.ವಿ.ಯ ರಿಮೋಟ್, ರೇಡಿಯೊ, ಮಕ್ಕಳ ಆಟಿಕೆ ಇವು ಹಳೆಯ ಗಿರಾಕಿಗಳು. ಗ್ಯಾಸ್ ಗೀಸರು, ರಕ್ತದೊತ್ತಡ ಅಳೆಯುವ ಯಂತ್ರ, ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರು ಇವು ಈಚಿನವು.

ಈ ಸಂಸಾರಕ್ಕೆ ಈಗ ಹೊಸ ಅತಿಥಿಯೊಬ್ಬ ಬರುತ್ತಿದ್ದಾನೆ. ಪೇಟೆಯ ಅಂಗಡಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮೊಬೈಲಿನಲ್ಲಿ ತರಿಸುವ ಸರಕಿನಲ್ಲಿ, ‘ಲಿಥಿಯಂ’ ಎಂಬ ಹೆಸರು ಹೊತ್ತ ಪೆನ್ ಸೆಲ್ಲುಗಳು ಸಿಗುತ್ತಿವೆ. ಅಲ್ಕಲೈನ್ ಸೆಲ್ಲಿಗಿಂತ ಹೆಚ್ಚು ಬಾಳಿಕೆ, ಸೋರುವುದಿಲ್ಲ, ಹಗುರ, ಇಪ್ಪತ್ತು ವರ್ಷ ಇಟ್ಟರೂ ಕೆಡುವುದಿಲ್ಲ ಎಂಬುದು ಅವುಗಳ ಪ್ರಚಾರ. ಈ ಮಾತುಗಳಲ್ಲಿ ಸುಳ್ಳು ಕಡಿಮೆ. ಹಾಗಿದ್ದರೂ ಮನೆಯ ಎಲ್ಲ ಉಪಕರಣಗಳಿಗೂ ಲಿಥಿಯಂ ತುಂಬುವುದು ಜಾಣತನವೇ, ತುಂಬಿದ ಮೇಲೆ ಖಾಲಿಯಾದದ್ದು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ. ಎರಡನೆಯದಕ್ಕೆ ಮಲೆನಾಡಿನ ಬಹುಪಾಲು ಮನೆಗಳಲ್ಲಿ ಇಂದಿಗೂ ಇರುವ ಉತ್ತರ ಬಚ್ಚಲ ಒಲೆ.

ಮೊದಲು ಸೆಲ್ಲಿನ ಒಳಗನ್ನು ನೋಡುವುದು ಒಳ್ಳೆಯದು. ಹಳ್ಳಿಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಸತು-ಇಂಗಾಲದ ಸೆಲ್ಲು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಒದ್ದೆ ಸೆಲ್ಲಿನ ವಂಶ ಅದು. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗ್ಯಾಸ್ನರ್ ಅದನ್ನು ಒಣಸೆಲ್ಲನ್ನಾಗಿ ಮಾಡಿದ. ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಹೊರಗೆ ಸತುವಿನ ಡಬ್ಬಿ. ಒಳಗಿನ ತೇವಕ್ಕೆ ಮೊದಲು ಬಳಸುತ್ತಿದ್ದುದು ಪಾತ್ರೆಗೆ ಕಲಾಯಿ ಹಾಕುವವರ ಅದೇ ನವಸಾಗರ. ಈಗ ಹೆಚ್ಚಾಗಿ ಸತುವಿನ ಕ್ಲೋರೈಡು. ಇಲ್ಲಿ ಡಬ್ಬಿಯೇ ಇಂಧನ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೆಲ್ಲು ಉರಿದಂತೆಲ್ಲ ಡಬ್ಬಿ ಕರಗಿ ತೆಳ್ಳಗಾಗುತ್ತದೆ, ಕೊನೆಗೆ ತೂತು ಬೀಳುತ್ತದೆ. ಹಳೆಯ ಟಾರ್ಚುಗಳನ್ನು ತಿಂದುಹಾಕಿದ ಜಿಗುಟು ಅಂಟಿನ ಮೂಲ ಇದು.

ಅಲ್ಕಲೈನ್ ಸೆಲ್ಲಿನಲ್ಲಿಯೂ ಇರುವುದು ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡೇ. ಆದರೆ ಸತು ಪುಡಿಯ ರೂಪದಲ್ಲಿ ಒಳಗಿರುತ್ತದೆ, ಹೊರಗಿನ ಕವಚ ಉಕ್ಕು, ನಡುವಣ ದ್ರಾವಣ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಅಲ್ಕಲೈನ್ ಎಂದರೆ ಕ್ಷಾರೀಯ ಎಂದೇ ಅರ್ಥ. ಇದನ್ನು 1950ರ ದಶಕದಲ್ಲಿ ಬಳಕೆಗೆ ತಂದವನು ಕೆನಡಾ ಮೂಲದ ಲೂಯಿಸ್ ಅರ್ರಿ. ಅವನು ಕೆಲಸ ಮಾಡುತ್ತಿದ್ದುದು ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಎವರೆಡಿ ಪ್ರಯೋಗಾಲಯದಲ್ಲಿ. ಭಾರತದಲ್ಲಿ ಎವರೆಡಿ ಸೆಲ್ಲನ್ನು ದಶಕಗಳ ಕಾಲ ತಯಾರಿಸಿದ ಯೂನಿಯನ್ ಕಾರ್ಬೈಡ್ ಇಂಡಿಯಾ ಸಂಸ್ಥೆಯೇ 1984ರ ಭೋಪಾಲದ ವಿಷಾನಿಲ ದುರಂತದ ಕಾರ್ಖಾನೆಯನ್ನು ನಡೆಸುತ್ತಿತ್ತು. ಆ ದುರಂತದ ಹತ್ತು ವರ್ಷಗಳ ಬಳಿಕ, 1994ರಲ್ಲಿ, ಸಂಸ್ಥೆ ಬೇರೆ ಒಡೆಯರ ಕೈಸೇರಿ ಹೆಸರು ಬದಲಿಸಿಕೊಂಡಿತು. ಮನೆಯ ಮೂಲೆಯ ಟಾರ್ಚಿಗೂ ಒಂದು ಇತಿಹಾಸವಿದೆ ಎಂಬಷ್ಟಕ್ಕೆ ಈ ಮಾತು.

ಅಲ್ಕಲೈನ್ ಸೆಲ್ಲು ಸತು-ಇಂಗಾಲದ ಸೆಲ್ಲಿಗಿಂತ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಆದರೆ ಅದಕ್ಕೊಂದು ಹುಟ್ಟುದೋಷವಿದೆ. ಒಳಗಿನ ಸತು ಕ್ಷಾರದ ನೀರಿನೊಡನೆ ನಿಧಾನವಾಗಿ ವರ್ತಿಸಿ ಜಲಜನಕವನ್ನು ಬಿಡುತ್ತಲೇ ಇರುತ್ತದೆ. ಇದನ್ನು ತಡೆಯಲು ಒಂದು ಕಾಲಕ್ಕೆ ಪಾದರಸವನ್ನೇ ಬೆರೆಸುತ್ತಿದ್ದರು. ಅದರ ವಿಷದ ಭಯದಿಂದ 1990ರ ದಶಕದಲ್ಲಿ ದೊಡ್ಡ ತಯಾರಕರು ಅದನ್ನು ಕೈಬಿಟ್ಟರು. ಅನಿಲದ ಒತ್ತಡ ಹೆಚ್ಚಿದಾಗ ಮುಚ್ಚಳದ ಬೆಸುಗೆ ಬಿಟ್ಟು ಕ್ಷಾರ ಹೊರಜಿನುಗುತ್ತದೆ, ಗಾಳಿಯ ಇಂಗಾಲಾಮ್ಲದೊಡನೆ ಸೇರಿ ಬಿಳಿಯ ಹರಳು ಕಟ್ಟುತ್ತದೆ. ಪೂರ್ತಿ ಖಾಲಿಯಾದ ಮೇಲೂ ಉಪಕರಣದಲ್ಲೇ ಮರೆತುಬಿಟ್ಟ ಸೆಲ್ಲು, ಹೊಸದರ ಜೊತೆಗೆ ಹಾಕಿದ ಹಳೆಯ ಸೆಲ್ಲು, ಇವೆರಡೂ ಬೇಗ ಸೋರುತ್ತವೆ. ಹಾಗೆ ಸೋರಿದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಹತ್ತಿಗೆ ಲಿಂಬೆರಸ ಅಥವಾ ವಿನೆಗರ್ ಅದ್ದಿ ಒರೆಸಿದರೆ ಕ್ಷಾರ ಶಮನವಾಗುತ್ತದೆ. ಸತು-ಇಂಗಾಲದ ಸೆಲ್ಲಿನ ಸೋರಿಕೆ ಆಮ್ಲೀಯ. ಅದಕ್ಕೆ ಅಡುಗೆ ಸೋಡಾದ ನೀರು. ಕಣ್ಣಿಗೆ ಸಿಡಿದರೆ ತಡಮಾಡದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಈಗ ಲಿಥಿಯಂ. ಈ ಒಂದೇ ಹೆಸರಿನಲ್ಲಿ ಅಂಗಡಿಯಲ್ಲಿ ನಾಲ್ಕು ಬಗೆಯ ಸರಕು ಸಿಗುತ್ತದೆ, ಗೊಂದಲ ಶುರುವಾಗುವುದೇ ಇಲ್ಲಿ. ಅಲ್ಕಲೈನಿಗೆ ನೇರ ಬದಲಿಯಾಗಿ ಬಂದದ್ದು ಲಿಥಿಯಂ ಮತ್ತು ಕಬ್ಬಿಣದ ಡೈಸಲ್ಫೈಡಿನ ಸೆಲ್ಲು. ಕಬ್ಬಿಣದ ಡೈಸಲ್ಫೈಡೆಂದರೆ ಪೈರೈಟ್. ಕಲ್ಲಿನಲ್ಲಿ ಚಿನ್ನದಂತೆ ಹೊಳೆದು ಅರಿಯದವರನ್ನು ಮೋಸಗೊಳಿಸುವ ಖನಿಜ ಅದೇ. ಇದರ ಮೇಲೆ 1.5 ವೋಲ್ಟ್ ಎಂದಿರುತ್ತದೆ, ಒಮ್ಮೆ ಬಳಸಿ ಬಿಸಾಡುವಂಥದು. ಎರಡನೆಯದು ನಾಣ್ಯದಂತೆ ಚಪ್ಪಟೆಯಾದ 3 ವೋಲ್ಟಿನ ಬಟನ್ ಸೆಲ್ಲು. ಮೂರನೆಯದು ಯುಎಸ್‌ಬಿ ತಂತಿಯಿಂದ ಮತ್ತೆ ಚಾರ್ಜು ಮಾಡುವ 1.5 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ಲು. ನಾಲ್ಕನೆಯದು ಗಾತ್ರದಲ್ಲಿ ಪೆನ್ ಸೆಲ್ಲಿನಂತೆಯೇ ಇದ್ದು 3.6 ಅಥವಾ 3.7 ವೋಲ್ಟ್ ಕೊಡುವಂಥದು. ಈ ಕೊನೆಯದನ್ನು ರೇಡಿಯೊಕ್ಕೋ ರಿಮೋಟಿಗೋ ಹಾಕಿದರೆ ಎರಡು ಪಟ್ಟಿಗೂ ಮಿಕ್ಕ ಒತ್ತಡ ನುಗ್ಗಿ ಉಪಕರಣ ಸುಟ್ಟುಹೋಗಬಹುದು. ಗುಂಡಿಗೆ ಸರಿಯಾಗಿ ಕೂರುತ್ತದೆ ಎಂಬ ಕಾರಣಕ್ಕೆ ಯಾವ ಸೆಲ್ಲನ್ನೂ ಕೂರಿಸಬಾರದು. ಮೈಮೇಲಿನ ವೋಲ್ಟನ್ನು ಓದಿಯೇ ಕೂರಿಸಬೇಕು.

ಓದಲು ಇನ್ನೊಂದು ಸುಲಭದ ಗುರುತೂ ಉಂಟು. ಪೆನ್ ಸೆಲ್ಲಿನ ಮೇಲೆ ಸಣ್ಣಕ್ಷರದಲ್ಲಿ ಇಂಗ್ಲಿಷಿನ ಸಂಕೇತವಿರುತ್ತದೆ. ಬರಿಯ ಆರ್6 ಎಂದಿದ್ದರೆ ಸತು-ಇಂಗಾಲ; ಎಲ್‌ಆರ್6 ಎಂದರೆ ಅಲ್ಕಲೈನ್; ಎಫ್‌ಆರ್6 ಎಂದರೆ ಲಿಥಿಯಂ-ಪೈರೈಟ್; ಎಚ್‌ಆರ್6 ಎಂದರೆ ಮತ್ತೆ ಚಾರ್ಜಾಗುವ ನಿಕಲ್ ಸೆಲ್ಲು. ಅದಕ್ಕಿಂತ ಸಣ್ಣ ರಿಮೋಟ್ ಸೆಲ್ಲಿಗೆ 6ರ ಬದಲು 03. ಶಾಲೆಯ ಮಕ್ಕಳು ಮನೆಯ ಸೆಲ್ಲುಗಳನ್ನೆಲ್ಲ ತಿರುಗಿಸಿ ಈ ಗುರುತು ಓದಿ ಪಟ್ಟಿ ಮಾಡಿದರೆ ಅರ್ಧ ರಸಾಯನಶಾಸ್ತ್ರ ಅಲ್ಲೇ ತಿಳಿಯುತ್ತದೆ.

ಲಿಥಿಯಂ-ಪೈರೈಟ್ ಸೆಲ್ಲಿನ ಒಳಗೆ ನೀರಿಲ್ಲ. ಲಿಥಿಯಂ ನೀರಿನೊಡನೆ ರಭಸದಿಂದ ವರ್ತಿಸುವ ಲೋಹವಾದ್ದರಿಂದ ಅಲ್ಲಿ ಬಳಸುವುದು ಸಾವಯವ ದ್ರಾವಕ. ನೀರಿಲ್ಲವಾದ್ದರಿಂದ ಜಲಜನಕ ಹುಟ್ಟುವುದಿಲ್ಲ, ಒತ್ತಡ ಕೂಡುವುದಿಲ್ಲ, ಸೋರಿಕೆ ಬಲು ಅಪರೂಪ. ಹಗುರ ಎಂಬ ಮಾತೂ ನಿಜ: ಅಲ್ಕಲೈನ್ ಪೆನ್ ಸೆಲ್ಲು ಸುಮಾರು 23 ಗ್ರಾಂ ತೂಗಿದರೆ ಇದು ಸುಮಾರು 15 ಗ್ರಾಂ. ಬಾಳಿಕೆಯ ಮಾತು ಮಾತ್ರ ಅರ್ಧಸತ್ಯ. ನಿಧಾನವಾಗಿ ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಹೀರುವ ಉಪಕರಣದಲ್ಲಿ ಒಳ್ಳೆಯ ಅಲ್ಕಲೈನ್ ಸೆಲ್ಲು 2,500 ಮಿಲಿಆಂಪಿಯರ್-ಗಂಟೆಯ ಆಸುಪಾಸು ಕೊಟ್ಟರೆ ಲಿಥಿಯಂ 3,000 ಕೊಡುತ್ತದೆ. ಅಂತರ ದೊಡ್ಡದಲ್ಲ, ಬೆಲೆಯ ಅಂತರವೋ ಹಲವು ಪಟ್ಟು. ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆಯುವ ಉಪಕರಣದಲ್ಲಿ ಕಥೆ ಬೇರೆ. ಅಲ್ಲಿ ಅಲ್ಕಲೈನ್ ಏದುಸಿರು ಬಿಟ್ಟು ತನ್ನ ಶಕ್ತಿಯ ಅರ್ಧವನ್ನೂ ಕೊಡಲಾರದೆ ಸೋಲುತ್ತದೆ. ಲಿಥಿಯಂ ಹೆಚ್ಚುಕಡಿಮೆ ಪೂರ್ತಿಯನ್ನು ಕೊಡುತ್ತದೆ. ಕೊರೆಯುವ ಚಳಿಯಲ್ಲೂ ಅದು ಕುಗ್ಗುವುದಿಲ್ಲ ಎಂಬುದು ಇನ್ನೊಂದು ಹೆಗ್ಗಳಿಕೆ. ಹಿಮಾಲಯದ ಹಳ್ಳಿಗಳಿಗೆ ಅದು ದೊಡ್ಡ ವರ. ನೀರು ಹೆಪ್ಪುಗಟ್ಟುವ ಚಳಿ ಕಾಣದ ಸಹ್ಯಾದ್ರಿಯಲ್ಲಿ ಅದಕ್ಕಾಗಿ ದುಡ್ಡು ತೆರುವುದು ಸಮುದ್ರದ ದಂಡೆಯಲ್ಲಿ ಕುಳಿತು ಉಪ್ಪು ಕೊಂಡಂತೆ.

ಹಾಗಾದರೆ ಯಾವುದಕ್ಕೆ ಯಾವುದು? ಗೋಡೆಯ ಗಡಿಯಾರಕ್ಕೆ ಲಿಥಿಯಂ ವ್ಯರ್ಥ. ಅದು ಎಳೆಯುವ ವಿದ್ಯುತ್ತು ಎಷ್ಟು ಅಲ್ಪವೆಂದರೆ ಅಗ್ಗದ ಸತು-ಇಂಗಾಲದ ಸೆಲ್ಲೇ ವರ್ಷದ ಆಸುಪಾಸು ನಡೆಸುತ್ತದೆ. ಟಾರ್ಚಿನಲ್ಲಿ ಮಂಕಾದ ಸೆಲ್ಲನ್ನು ಗಡಿಯಾರಕ್ಕೆ ಹಾಕಿ ಇನ್ನೂ ಕೆಲವು ತಿಂಗಳು ದುಡಿಸಿಕೊಳ್ಳುವ ಹಳ್ಳಿಯ ತಾಯಂದಿರ ಲೆಕ್ಕಾಚಾರ ಶುದ್ಧ ವಿಜ್ಞಾನ. ನಿಂತ ಕೂಡಲೇ ಅದನ್ನು ತೆಗೆದುಬಿಡಬೇಕು ಎಂಬುದಷ್ಟೇ ಸೇರಿಸಬೇಕಾದ ಮಾತು. ರಿಮೋಟಿಗೂ ಇದೇ ನ್ಯಾಯ. ಗ್ಯಾಸ್ ಗೀಸರಿನ ಕಿಡಿಗೆ ಬೇಕಾದವು ಎರಡು ದೊಡ್ಡ ಸೆಲ್ಲುಗಳು. ಲಿಥಿಯಂ-ಪೈರೈಟ್ ಸೆಲ್ಲು ಪೆನ್ ಸೆಲ್ಲಿನ ಎರಡು ಗಾತ್ರಗಳಲ್ಲಿ ಬಿಟ್ಟರೆ ಮನೆಬಳಕೆಗೆ ಸಿಗುವುದಿಲ್ಲವಾದ್ದರಿಂದ ಆ ಪ್ರಶ್ನೆಯೇ ಏಳದು. ಅಜ್ಜನ ಕಾಲದ ಮೂರು ಸೆಲ್ಲಿನ ಉದ್ದ ಟಾರ್ಚಿಗೂ ಅಷ್ಟೇ.

ಲಿಥಿಯಂ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು, ವರ್ಷವಿಡೀ ಸುಮ್ಮನೆ ಬಿದ್ದಿದ್ದು ಒಂದು ರಾತ್ರಿ ತಪ್ಪದೆ ಹತ್ತಬೇಕಾದ ಉಪಕರಣದಲ್ಲಿ. ಅಡಕೆ ಅಟ್ಟದ ಪಕ್ಕದ ಗೂಡಿನಲ್ಲಿ ‘ಆಪತ್ತಿಗೆ ಇರಲಿ’ ಎಂದು ಇಟ್ಟ ಟಾರ್ಚು ಆಪತ್ತಿನ ರಾತ್ರಿ ಹತ್ತದಿರುವುದು ಮಲೆನಾಡಿಗೆ ಹೊಸ ಸಂಗತಿಯಲ್ಲ. ತೆರೆದು ನೋಡಿದರೆ ಸ್ಪ್ರಿಂಗು ತುಕ್ಕು ತಿಂದು ಉದುರಿರುತ್ತದೆ. ಸೆಲ್ಲಿನ ಬೆಲೆ ಉಳಿಸಿದ ಮನೆ ಟಾರ್ಚನ್ನೇ ಕಳೆದುಕೊಂಡಿತು ಎಂಬುದು ಇಲ್ಲಿ ಸಣ್ಣ ನಷ್ಟ. ಕಚ್ಚಿದ್ದು ಯಾವ ಹಾವು, ಹಳ್ಳದ ನೀರು ಎಲ್ಲಿಗೆ ಏರಿದೆ, ಸಂಕದ ಹಲಗೆ ಇದೆಯೋ ಹೋಗಿದೆಯೋ ಎಂದು ತಿಳಿಯಲಾಗದ ಕತ್ತಲೆ ದೊಡ್ಡ ನಷ್ಟ. ಅಂಥ ಟಾರ್ಚು ಪೆನ್ ಸೆಲ್ಲಿನದಾಗಿದ್ದರೆ ಅದಕ್ಕೊಂದು ಜೊತೆ ಲಿಥಿಯಂ ಹಾಕುವುದು ಸಲ್ಲುವ ಖರ್ಚು. ರಕ್ತದೊತ್ತಡದ ಯಂತ್ರವೂ ಇದೇ ಜಾತಿಗೆ ಸೇರಿದ್ದು. ತೋಳಿನ ಪಟ್ಟಿಗೆ ಗಾಳಿ ತುಂಬುವ ಅದರ ಪುಟ್ಟ ಪಂಪು ಒಮ್ಮೆಲೇ ಹೆಚ್ಚು ವಿದ್ಯುತ್ತು ಎಳೆಯುತ್ತದೆ, ವಾರಕ್ಕೊಮ್ಮೆ ಮಾತ್ರ ದುಡಿಯುತ್ತದೆ, ಒಳಗೆ ಕ್ಷಾರ ಸೋರಿದರೆ ಸಾವಿರಾರು ರೂಪಾಯಿಯ ಯಂತ್ರ ಹಾಳು. ಆದರೂ ಜೊತೆಗೆ ಬಂದ ಪುಸ್ತಿಕೆಯಲ್ಲಿ ಯಾವ ಸೆಲ್ಲು ಸಲ್ಲುತ್ತದೆ ಎಂದಿದೆಯೋ ನೋಡಿಯೇ ಹಾಕಬೇಕು. ಕಾಡಿನಲ್ಲಿ ತಿಂಗಳುಗಟ್ಟಲೆ ಕಾಯುವ ಕ್ಯಾಮರಾಗಳಿಗೆ ವನ್ಯಜೀವಿ ಅಧ್ಯಯನಕಾರರು ಈ ಸೆಲ್ಲನ್ನು ಬಳಸುವುದೂ ಇದೇ ಕಾರಣಕ್ಕೆ.

ಇದಕ್ಕಿಂತ ಹೆಚ್ಚು ಲಿಥಿಯಂ ಮನೆಗೆ ಏಕೆ ಬೇಡ ಎಂಬುದಕ್ಕೆ ದುಡ್ಡಿನ ಕಾರಣಕ್ಕಿಂತ ಗಟ್ಟಿಯಾದ ಕಾರಣವಿದೆ. ಒಂದು ಲಿಥಿಯಂ-ಪೈರೈಟ್ ಪೆನ್ ಸೆಲ್ಲಿನಲ್ಲಿ ಹೆಚ್ಚುಕಡಿಮೆ 1 ಗ್ರಾಂ ಲಿಥಿಯಂ ಇರುತ್ತದೆ. ಸಾಧಾರಣ ಮೊಬೈಲ್ ಫೋನಿನ ಬ್ಯಾಟರಿಯಲ್ಲಿ ಸಂಯುಕ್ತಗಳ ರೂಪದಲ್ಲಿರುವ ಲಿಥಿಯಂ ಕೂಡ ಸುಮಾರಾಗಿ ಅಷ್ಟೇ, ದೊಡ್ಡ ಫೋನಾದರೆ ಒಂದೂವರೆ ಗ್ರಾಂ. ಫೋನಿನದು ಮೂರು ನಾಲ್ಕು ವರ್ಷ ಪ್ರತಿದಿನ ತುಂಬಿ, ಪ್ರತಿದಿನ ಖಾಲಿಯಾಗಿ ದುಡಿಯುತ್ತದೆ. ಸೆಲ್ಲಿನದು ಒಮ್ಮೆ ಖಾಲಿಯಾದರೆ ಮುಗಿಯಿತು. ರಿಮೋಟಿನ ಎರಡು ಸೆಲ್ಲಿಗೆ ಬದಲಾಗಿ ಎರಡು ಫೋನಿಗಾಗುವಷ್ಟು ಲೋಹವನ್ನು ಕಸಕ್ಕೆ ಎಸೆಯುವುದು ಯಾವ ಲೆಕ್ಕದಲ್ಲೂ ಮಿತವ್ಯಯವೆನಿಸದು.

ಆ ಲೋಹ ಬರುವುದು ಎಲ್ಲಿಂದ ಎಂಬುದನ್ನೂ ಸಹ್ಯಾದ್ರಿಯ ಜನ ಕೇಳಬೇಕು. ಕುದುರೆಮುಖದ ಅದಿರಿಗಾಗಿ ಭದ್ರೆ ಕೆಂಪಾದದ್ದನ್ನು ಕಂಡವರು ಅವರು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಲಿಥಿಯಂ ಹೆಚ್ಚಾಗಿ ಬರುವುದು ಆಸ್ಟ್ರೇಲಿಯಾದ ಬಂಡೆಗಣಿಗಳಿಂದ ಮತ್ತು ದಕ್ಷಿಣ ಅಮೆರಿಕದ ಉಪ್ಪುಬಯಲುಗಳಿಂದ. ಚಿಲಿ ದೇಶದ ಅಟಕಾಮ ಭೂಮಿಯ ಮೇಲಿನ ಅತಿ ಒಣ ಪ್ರದೇಶಗಳಲ್ಲೊಂದು. ಅಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ವಿಶಾಲ ಮಡುಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ ಲಿಥಿಯಂ ಲವಣ ತೆಗೆಯುತ್ತಾರೆ. ಮೇಲೆತ್ತಿದ ನೀರಿನ ಬಹುಭಾಗ ಆವಿಯಾಗಿ ಹೋಗುತ್ತದೆ, ತಮ್ಮ ಒರತೆಗಳ ಗತಿಯೇನು ಎಂದು ಅಲ್ಲಿನ ಮೂಲನಿವಾಸಿಗಳು ಬಹುಕಾಲದಿಂದ ಕೇಳುತ್ತಿದ್ದಾರೆ. ಕರ್ನಾಟಕಕ್ಕೂ ಈ ಲೋಹದ ನಂಟು ತಟ್ಟಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇದೆಯೆಂಬ ಸುದ್ದಿ 2020ರಲ್ಲಿ ಹಬ್ಬಿ, ಮೊದಲು 14,100 ಟನ್ ಎಂದಾಯಿತು; ಪರಮಾಣು ಖನಿಜ ನಿರ್ದೇಶನಾಲಯದ ಆ ಬಳಿಕದ ಅಂದಾಜು 1,600 ಟನ್. ಸತುವೂ ಮ್ಯಾಂಗನೀಸೂ ಆಕಾಶದಿಂದ ಉದುರುವುದಿಲ್ಲ, ನಿಜ. ಸಂಡೂರಿನ ಬೆಟ್ಟಗಳ ಮ್ಯಾಂಗನೀಸ್ ಗಣಿಗಳನ್ನು ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ.

ದಿನವೂ ಉರಿಯುವ ಉಪಕರಣಕ್ಕೆ, ಅಂದರೆ ಕಾವಲಿನವರ ಹಣೆಯ ದೀಪ, ಮಕ್ಕಳ ಆಟಿಕೆ, ಸದಾ ಹಾಡುವ ರೇಡಿಯೊ ಇವಕ್ಕೆ, ಬಿಸಾಡುವ ಯಾವ ಸೆಲ್ಲೂ ಸಲ್ಲದು. ಅಲ್ಲಿಗೆ ತಕ್ಕದ್ದು ನಿಕಲ್-ಲೋಹ ಹೈಡ್ರೈಡಿನ, ಮತ್ತೆ ಚಾರ್ಜಾಗುವ ಸೆಲ್ಲು. ತಿಂಗಳಿಗೆ ಎರಡು ಸೆಲ್ಲು ಸುಡುವ ಮನೆ ವರ್ಷಕ್ಕೆ 24, ಹತ್ತು ವರ್ಷಕ್ಕೆ 240 ಸೆಲ್ಲನ್ನು ಕಸಕ್ಕೆ ಸೇರಿಸುತ್ತದೆ. ನೂರಾರು ಸಲ ಚಾರ್ಜಾಗುವ ನಾಲ್ಕು ನಿಕಲ್ ಸೆಲ್ಲುಗಳು ಆ ಕೆಲಸದ ಬಹುಭಾಗವನ್ನು ಮಾಡಿ ಮುಗಿಸುತ್ತವೆ. ಹಿಂದೆ ಇವು ಸುಮ್ಮನೆ ಇಟ್ಟರೂ ತಿಂಗಳೆರಡರಲ್ಲಿ ಬರಿದಾಗುತ್ತಿದ್ದವು. ಜಪಾನಿನ ಸ್ಯಾನ್ಯೊ ಸಂಸ್ಥೆ 2005ರಲ್ಲಿ ಎನೆಲೂಪ್ ಎಂಬ ಹೆಸರಿನಲ್ಲಿ ತಂದ ಬಗೆ ವರ್ಷ ಕಳೆದರೂ ಹೆಚ್ಚಿನ ಪಾಲು ಶಕ್ತಿಯನ್ನು ಹಿಡಿದಿಡುತ್ತದೆ. ಈಗ ಬೇರೆ ತಯಾರಕರೂ ಅಂಥದನ್ನು ಮಾಡುತ್ತಾರೆ. ಒತ್ತಡ 1.2 ವೋಲ್ಟ್ ಮಾತ್ರ ಎಂಬ ಹೆದರಿಕೆ ಬೇಡ. ಅಲ್ಕಲೈನ್ ಸೆಲ್ಲು ಕೂಡ ತನ್ನ ಆಯುಷ್ಯದ ಬಹುಕಾಲ 1.5ರಲ್ಲಿ ನಿಲ್ಲದೆ ಇಳಿಯುತ್ತಲೇ ಇರುತ್ತದೆ.

ಯುಎಸ್‌ಬಿ ತಂತಿಯ ಲಿಥಿಯಂ-ಅಯಾನ್ ಸೆಲ್ಲಿಗೆ ಒಂದು ಸ್ವಭಾವವಿದೆ. ಒಳಗಿನ 3.7 ವೋಲ್ಟನ್ನು 1.5ಕ್ಕೆ ಇಳಿಸುವ ಪುಟ್ಟ ಮಂಡಲ ಅದರ ತಲೆಯಲ್ಲೇ ಕುಳಿತಿರುತ್ತದೆ. ಹೀಗಾಗಿ ಕೊನೆಯ ಕ್ಷಣದವರೆಗೂ ಬೆಳಕು ಒಂದೇ ಸಮ, ಮರುಕ್ಷಣ ಕಗ್ಗತ್ತಲೆ. ಹಳೆಯ ಸೆಲ್ಲಿನ ಟಾರ್ಚು ಕೆಂಪಾಗುತ್ತ ಮಂಕಾಗುತ್ತ ‘ಮನೆಗೆ ಹೊರಡು’ ಎಂದು ಎಚ್ಚರಿಸುತ್ತಿತ್ತು, ಇದು ಎಚ್ಚರಿಸುವುದಿಲ್ಲ. ಗದ್ದೆಯಂಚಿನಲ್ಲಿ ಆನೆಯ ಸುಳಿವಿರುವ ಊರುಗಳವರು ಇದನ್ನು ನೆನಪಿಡಬೇಕು. ಆ ಮಂಡಲದ ಗೊರಗೊರ ಸದ್ದು ಮಧ್ಯಮ ತರಂಗದ ಆಕಾಶವಾಣಿಯಲ್ಲಿ ಬೆರೆಯುವುದೂ ಉಂಟು. ಇನ್ನು ಚಾರ್ಜಾಗುವ ಸೆಲ್ಲುಗಳೆಲ್ಲಕ್ಕೂ ಕರೆಂಟು ಬೇಕು. ಅದು ನಾಲ್ಕು ದಿನ ಇಲ್ಲದಾಗ ನೆರವಿಗೆ ಬರುವುದು ಡಬ್ಬದಲ್ಲಿಟ್ಟ ಒಂದು ಜೊತೆ ಒಣಸೆಲ್ಲೇ. ಎರಡನ್ನೂ ಇಟ್ಟುಕೊಳ್ಳುವುದು ಮಳೆನಾಡಿನ ವಿವೇಕ.

ಈಗ ಬಚ್ಚಲ ಒಲೆಯ ವಿಷಯ. ಮಲೆನಾಡಿನ ಮನೆಯಲ್ಲಿ ಹಂಡೆಯ ಕೆಳಗಿನ ಬೆಂಕಿ ನೀರು ಕಾಯಿಸುವುದರ ಜೊತೆಗೆ ಕಸದ ತೊಟ್ಟಿಯ ಕೆಲಸವನ್ನೂ ಮಾಡುತ್ತದೆ. ಅಡಕೆ ಹಾಳೆ, ತೆಂಗಿನ ಸಿಪ್ಪೆ, ಹರಿದ ಚೀಲ, ಬಿಸ್ಕತ್ತಿನ ಕಾಗದ, ಅವುಗಳ ನಡುವೆ ಖಾಲಿ ಸೆಲ್ಲು. ಬೂದಿ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟಕ್ಕೆ. ಸತುವೂ ಮ್ಯಾಂಗನೀಸೂ ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕಾದವೇ, ಸತುವಿನ ಸಲ್ಫೇಟನ್ನು ರೈತರು ಕೊಂಡು ಹಾಕುವುದೂ ಉಂಟು ಎಂದು ವಾದಿಸುವವರಿದ್ದಾರೆ. ಹಳೆಯ ಬಗೆಯ ಸತುವಿನ ಡಬ್ಬಿಗಳಲ್ಲಿ ಸೀಸ, ಕ್ಯಾಡ್ಮಿಯಂಗಳ ಬೆರಕೆಯೂ ಇರುತ್ತಿತ್ತು ಎಂಬುದನ್ನು ಅವರು ಮರೆಯುತ್ತಾರೆ. ಮಣ್ಣು ಸೇರಿದ ಅಂಥ ಲೋಹ ಅಲ್ಲಿಂದ ಆವಿಯಾಗುವುದಿಲ್ಲ, ಕೊಳೆಯುವುದೂ ಇಲ್ಲ.

ಸತುವಿನ ಸೆಲ್ಲು ಒಲೆಯಲ್ಲಿ ಟಪ್ಪೆಂದು ಸಿಡಿದು ಬೂದಿ ಹಾರಿಸುವುದನ್ನು ಅನೇಕರು ಕಂಡಿರುತ್ತಾರೆ, ಮಕ್ಕಳಿಗೆ ಅದು ತಮಾಷೆಯೂ ಹೌದು. ಲಿಥಿಯಂ ಸೆಲ್ಲು ಹಾಗಲ್ಲ. ಲಿಥಿಯಂ ಲೋಹ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಒಲೆಯ ಕೆಂಡ ಅದರ ಮೂರು ನಾಲ್ಕು ಪಟ್ಟು ಬಿಸಿ. ಒಳಗಿನ ದ್ರಾವಕ ಹತ್ತಿಕೊಳ್ಳುವಂಥದು. ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಇವೆರಡೂ ಕಾದರೆ ಅದು ಬಿರಿದು ಬೆಂಕಿಯನ್ನೇ ಉಗುಳುತ್ತದೆ, ಪೈರೈಟಿನ ಗಂಧಕ ಉರಿದು ಉಸಿರುಗಟ್ಟಿಸುವ ಹೊಗೆಯಾಗುತ್ತದೆ. ಮೊಬೈಲಿನ ಉಬ್ಬಿದ ಬ್ಯಾಟರಿಯಾದರೆ ಹೊಗೆಯಲ್ಲಿ ಫ್ಲೋರಿನ್ನಿನ ವಿಷವೂ ಬೆರೆಯುತ್ತದೆ. ಮುಂಜಾನೆ ಆ ಒಲೆಯ ಬಾಯಿಗೆ ಮುಖವೊಡ್ಡಿ ಊದುಗೊಳವೆ ಹಿಡಿದು ಕುಳಿತಿರುವವರು ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು. ಗೊತ್ತಿಲ್ಲದೆ ಬಿದ್ದದ್ದು ತಿಳಿದರೆ ಕೋಲು ಹಾಕಿ ಕೆದಕಬಾರದು, ಚೊಂಬು ನೀರು ಎರಚಬಾರದು. ಬಿಸಿ ಲಿಥಿಯಮ್ಮಿಗೆ ನೀರು ತಾಗಿದರೆ ಜಲಜನಕ ಹುಟ್ಟಿ ಉರಿ ಹೆಚ್ಚುತ್ತದೆ. ಎಲ್ಲರೂ ಬಚ್ಚಲಿನಿಂದ ಹೊರಬಂದು ಬೆಂಕಿ ತಾನಾಗಿ ಆರುವವರೆಗೆ ದೂರವಿರಬೇಕು.

ಸೆಲ್ಲಿನ ಸುತ್ತ ಬೆಳೆದ ಬೇರೆ ರೂಢಿಗಳೂ ಇಲ್ಲಿ ಬದಲಾಗಬೇಕು. ಮಂಕಾದ ಸೆಲ್ಲನ್ನು ಬಿಸಿಲಿಗೆ ಒಣಗಿಸುವುದು, ಒಲೆಯ ದಂಡೆಯ ಮೇಲಿಡುವುದು, ಹಲ್ಲಿನಿಂದ ಕಚ್ಚುವುದು, ಕಲ್ಲಿನಿಂದ ಮೆಲ್ಲಗೆ ಜಜ್ಜುವುದು ಇವೆಲ್ಲ ರೇಡಿಯೊ ಕಾಲದ ಉಪಾಯಗಳು. ಸತು-ಇಂಗಾಲದ ಸೆಲ್ಲು ಬಿಸಿಗೆ ಸ್ವಲ್ಪ ಚೇತರಿಸಿ ಇನ್ನೊಂದು ವಾರ್ತೆಯನ್ನು ಕೇಳಿಸುತ್ತಿದ್ದುದು ಸುಳ್ಳಲ್ಲ. ಅದೇ ಉಪಾಯವನ್ನು ಲಿಥಿಯಮ್ಮಿಗೆ ಮಾಡುವುದು ಅಪಾಯ. ಒಮ್ಮೆ ಬಳಸುವ ಲಿಥಿಯಂ ಸೆಲ್ಲನ್ನು ಚಾರ್ಜರಿಗೆ ಹಾಕುವುದು ಅದಕ್ಕಿಂತ ದೊಡ್ಡ ಅಪಾಯ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಅಲ್ಲಿ ಎಲ್ಲಕ್ಕಿಂತ ಭಯಾನಕವಾದದ್ದು ಅತಿ ಚಿಕ್ಕದಾದ ಬಟನ್ ಸೆಲ್ಲು. ತೂಕದ ಯಂತ್ರ, ಕಾರಿನ ಬೀಗದ ಕೀಲಿ, ಮಿನುಗುವ ಆಟಿಕೆ, ಚಪ್ಪಟೆ ರಿಮೋಟು, ಎಲ್ಲದರಲ್ಲೂ ಅದಿದೆ. ಅದರಲ್ಲೂ ಸುಮಾರು 20 ಮಿಲಿಮೀಟರ್ ಅಗಲದ 3 ವೋಲ್ಟಿನ ಲಿಥಿಯಂ ನಾಣ್ಯ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಜೊಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು, ಅಂಚಿನಲ್ಲಿ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಒಳಗೋಡೆಯನ್ನು ಸುಡಬಲ್ಲದು. ಎಕ್ಸರೇ ಇರುವ ಆಸ್ಪತ್ರೆಗೆ ಎರಡು ಗಂಟೆ ದಾರಿಯಿರುವ ಊರುಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, ಊಟ ಕೊಡದೆ, ಕೂಡಲೇ ಹೊರಡಬೇಕು. ಒಂದು ವರ್ಷ ತುಂಬಿದ ಮಗುವಾದರೆ, ನುಂಗಿ 12 ಗಂಟೆ ಕಳೆದಿರದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚೆ ಜೇನು, ಹೆಚ್ಚೆಂದರೆ ಆರು ಸಲ, ಕೊಡಬಹುದೆಂದು ಅಮೆರಿಕದ ವಿಷಚಿಕಿತ್ಸಾ ಕೇಂದ್ರದ ತಜ್ಞರ ಸಲಹೆಯಿದೆ. ಜೇನು ಸುಡುವಿಕೆಯನ್ನು ನಿಧಾನಗೊಳಿಸುತ್ತದೆ. ಅದು ಚಿಕಿತ್ಸೆಯಲ್ಲ, ಜೇನು ಹುಡುಕುತ್ತ ಒಂದು ನಿಮಿಷವನ್ನೂ ಕಳೆಯಬಾರದು.

ಖಾಲಿಯಾದ ಸೆಲ್ಲು ಎಲ್ಲಿಗೆ ಹೋಗಬೇಕೆಂಬುದನ್ನು ಕಾನೂನು ಈಗ ಹೇಳುತ್ತದೆ. 2001ರ ಬ್ಯಾಟರಿ ನಿಯಮಗಳು ಸೀಸದ ದೊಡ್ಡ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಪೆನ್ ಸೆಲ್ಲು, ಬಟನ್ ಸೆಲ್ಲುಗಳನ್ನೂ ಒಳಗೊಂಡಿವೆ. ಅವನ್ನು ಸುಡುವಂತಿಲ್ಲ, ಹೂಳುವಂತಿಲ್ಲ. ತ್ಯಾಜ್ಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡುವ ಹೊಣೆ ಬಳಸುವವರದು. ಬಳಸುವವರ ಪಾಲು ಕಷ್ಟದ್ದಲ್ಲ. ಲಿಥಿಯಂ ಸೆಲ್ಲು ಖಾಲಿಯೆಂದು ಕಂಡರೂ ಅದರಲ್ಲಿ ಉಳಿದ ಶಕ್ತಿ ಕಿಡಿ ಹಾರಿಸಬಲ್ಲದು. ಆದ್ದರಿಂದ ಎರಡು ತುದಿಗೂ ಅಂಟುಪಟ್ಟಿ ಸುತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ, ಒಲೆಯಿಂದಲೂ ಬಿಸಿಲಿನಿಂದಲೂ ಮಕ್ಕಳ ಕೈಯಿಂದಲೂ ದೂರ ಇಡಬೇಕು. ಉಬ್ಬಿದ ಫೋನ್ ಬ್ಯಾಟರಿಯನ್ನು ಅದರೊಡನೆ ಸೇರಿಸದೆ ಒಣ ಮರಳಿನಲ್ಲಿ ಬೇರೆ ಇಡಬೇಕು.

ಡಬ್ಬ ತುಂಬಿದ ಮೇಲೆ ಅದು ಹೋಗುವ ದಾರಿ ಊರಿನ ಕೆಲಸ. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಒಣಕಸಕ್ಕೆಂದು ಸ್ವಚ್ಛ ಸಂಕೀರ್ಣಗಳಾಗಿವೆ, ಅವನ್ನು ನಡೆಸುವವರು ಹೆಚ್ಚಾಗಿ ಸ್ವಸಹಾಯ ಸಂಘದ ಮಹಿಳೆಯರು. ಕಸದ ರಾಶಿಯಲ್ಲಿ ಅಡಗಿದ ಲಿಥಿಯಂ ಸೆಲ್ಲು ಕಾಲಡಿ ಅಥವಾ ಯಂತ್ರದಡಿ ಜಜ್ಜಿಹೋದರೆ ಬೆಂಕಿ ಹತ್ತುವುದು ಅವರ ಕೈಯೆದುರಿಗೇ. ಕಸ ಒಯ್ಯುವ ವಾಹನದಲ್ಲಿ ಸೆಲ್ಲಿಗೆಂದು ಬೇರೆ ಡಬ್ಬ ಬೇಕೆಂಬುದನ್ನೂ, ಹಾಗೆ ಕೂಡಿದ್ದು ನೋಂದಾಯಿತ ಮರುಬಳಕೆದಾರರಿಗೆ ಯಾವಾಗ, ಯಾರ ಮೂಲಕ ತಲುಪುತ್ತದೆ ಎಂಬುದನ್ನೂ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬಹುದು. ಆ ಡಬ್ಬ ಲೋಹದ್ದಾಗಿರಬಾರದು, ತುಂಬಿ ತುಳುಕುವವರೆಗೆ ಕಾಯಿಸಲೂಬಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆಯಾದರೂ ಅದು ಊರು ಬಿಟ್ಟು ಹೋಗಬೇಕು.